ಅರಣ್ಯಾಧಿಕಾರಿಯ ಗುಮ್ಮಗಳು

ಕೊಲೊರಾಡೊದ ಬೆಟ್ಟಗಳಲ್ಲಿ, ಇಳಿಜಾರು 45 ಡಿಗ್ರಿಗಿಂತ ಕಡಿದಾಗಿರುವ ಕಡೆ ಮಾತ್ರ ವಾಸಿಸುವ ಪ್ರಾಣಿಯೊಂದಿದೆಯಂತೆ. ತಿಮಿಂಗಿಲದಂಥ ಮೈ. ಬಾಲದ ಕೊಕ್ಕೆಗಳನ್ನು ಬೆಟ್ಟದ ನೆತ್ತಿಗೆ ಸಿಕ್ಕಿಸಿಕೊಂಡು, ತಲೆ ಕೆಳಗಾಗಿ, ದಿನಗಟ್ಟಲೆ ಅಲುಗದೆ ಕಾಯುತ್ತಿರುತ್ತದೆ. ಕೆಳಗೆ ಕಣಿವೆಯಲ್ಲಿ ಪ್ರವಾಸಿಗನೊಬ್ಬ ಕಣ್ಣಿಗೆ ಬಿದ್ದರೆ ಮುಗಿಯಿತು: ಬಾಲ ಸಡಿಲಿಸಿ, ತನ್ನ ಬಾಯಿಂದಲೇ ಸೋರುವ ಜಿಡ್ಡಿನ ಮೇಲೆ ಜಾರಿ ಬಂದು, ಅವನನ್ನು ನುಂಗಿ, ಅದೇ ರಭಸಕ್ಕೆ ಎದುರು ಬೆಟ್ಟ ಏರಿ ಮತ್ತೆ ನೇತುಬೀಳುತ್ತದೆ. ಇದರ ಕಾಟ ತಾಳಲಾರದೆ ಒಬ್ಬ ಫಾರೆಸ್ಟ್ ರೇಂಜರ್ ಪ್ರವಾಸಿಗನ ಬೊಂಬೆ ಮಾಡಿಸಿದ. ಅದಕ್ಕೆ ಚೌಕುಳಿ ಕೋಟು ತೊಡಿಸಿ, ಮೊಣಕಾಲುದ್ದದ ಚಲ್ಲಣ ಹಾಕಿ, ಕೊಲೊರಾಡೊದ ಗೈಡ್ ಪುಸ್ತಕವೊಂದನ್ನೂ ಕೊಟ್ಟ. ಹೊಟ್ಟೆಯೊಳಗೆ ಸಿಡಿಮದ್ದು ತುಂಬಿದ. ಪ್ರಾಣಿ ಬಂದು ನುಂಗಿತು. ಸಿಡಿದ ಹೊಡೆತಕ್ಕೆ ರೀಕೊ ಪಟ್ಟಣದ ಅರ್ಧ ಕಟ್ಟಡಗಳು ನೆಲಸಮವಾದವು, ಆಮೇಲೆ ಅವನ್ನು ಯಾರೂ ಕಟ್ಟಿಸಲಿಲ್ಲ.

ಸ್ಲೈಡ್‌ರಾಕ್ ಬೋಲ್ಟರ್ ಎಂಬ ಈ ಪ್ರಾಣಿಯ ವರದಿ ಇರುವುದು 1910ರಲ್ಲಿ ವಾಷಿಂಗ್ಟನ್‌ನಲ್ಲಿ ಅಚ್ಚಾದ ‘ಫಿಯರ್‌ಸಮ್ ಕ್ರೀಚರ್ಸ್ ಆಫ್ ದ ಲಂಬರ್‌ವುಡ್ಸ್’ ಎಂಬ ತೆಳ್ಳನೆಯ ಪುಸ್ತಕದಲ್ಲಿ. ಬರೆದವನು ವಿಲಿಯಂ ಟಿ. ಕಾಕ್ಸ್. ನಾಟಾ ಕಡಿಯುವವರ ಬಾಯಲ್ಲಿದ್ದ ಇಪ್ಪತ್ತು ಪ್ರಾಣಿಗಳು, ಒಂದೊಂದಕ್ಕೂ ಒಂದಿಷ್ಟು ಬರಹ, ಒಂದು ಚಿತ್ರ. ರೀಕೊ ಮಾತ್ರ ಕಟ್ಟುಕತೆಯಲ್ಲ, ನಿಜವಾದ ಊರು. 1893ರಲ್ಲಿ ಬೆಳ್ಳಿಯ ಬೆಲೆ ಕುಸಿದಾಗ ಗಣಿಗಳು ನಿಂತು ಜನ ಗುಳೆ ಎದ್ದುಹೋದ ಊರು ಅದು. ಅಲ್ಲಿನ ಕಟ್ಟಡಗಳೇಕೆ ಪಾಳುಬಿದ್ದವು ಎಂಬುದಕ್ಕೆ ಬೆಳ್ಳಿ ಪೇಟೆಯನ್ನು ಬಿಟ್ಟು ಜಾರುವ ತಿಮಿಂಗಿಲವನ್ನು ಕಾರಣವಾಗಿ ಕೊಡುವುದು ಪುಸ್ತಕದ ಹಾಸ್ಯದ ಅಸಲಿ ವರಸೆ. ನಗಿಸುವ ಗಡಿಬಿಡಿ ಅದಕ್ಕಿಲ್ಲ. ಇಲಾಖೆಯ ಕಡತಕ್ಕೆ ಷರಾ ಬರೆದಂತೆ ಮುಖ ಬಿಗಿದುಕೊಂಡೇ ಬರೆಯುತ್ತದೆ.

ಕಡತದ ಧಾಟಿ ಬಂದದ್ದು ಸಹಜವೇ. ಕಾಕ್ಸ್ ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದವನು. ಪುಸ್ತಕ ಬಂದ ಮರುವರ್ಷ, 1911ರಲ್ಲಿ, ಮಿನೆಸೋಟ ರಾಜ್ಯದ ಮೊತ್ತಮೊದಲ ರಾಜ್ಯ ಅರಣ್ಯಾಧಿಕಾರಿಯಾದ. ಚಿತ್ರ ಬರೆದ ಕೂರ್ಟ್ ಡು ಬಾಯ್ಸ್ ಕ್ಯಾಲಿಫೋರ್ನಿಯದ ಅರಣ್ಯಾಧಿಕಾರಿ, ಕಾಳ್ಗಿಚ್ಚು ತಡೆಯುವ ವ್ಯವಸ್ಥೆಯ ಬಗ್ಗೆ 1914ರಲ್ಲಿ ಹೆಸರಾದ ಗ್ರಂಥವೊಂದನ್ನು ಬರೆದವನು. ಪ್ರಾಣಿಗಳಿಗೆ ಗಂಭೀರವಾಗಿ ಲ್ಯಾಟಿನ್ ಹೆಸರಿಟ್ಟವನು ಇಲಾಖೆಯ ವೃಕ್ಷವಿಜ್ಞಾನಿ ಜಾರ್ಜ್ ಸಡ್‌ವರ್ತ್. ಹಗಲೆಲ್ಲ ಮರ ಅಳೆಯುತ್ತ, ಬೆಂಕಿಯ ವರದಿ ಬರೆಯುತ್ತ ಇದ್ದ ಮೂವರು ಸೇರಿ ಬಿಟ್ಟ ಬುರುಡೆ ಇದು. ಆದರೆ ಬುರುಡೆಯ ಸರಕು ಅವರದಲ್ಲ. ಅದು ಮಿಷಿಗನ್, ವಿಸ್ಕಾನ್ಸಿನ್, ಮಿನೆಸೋಟಗಳ ಪೈನ್ ಕಾಡುಗಳಲ್ಲಿ ಚಳಿಗಾಲವಿಡೀ ಬಿಡಾರ ಹೂಡಿ ಮರ ಕಡಿಯುತ್ತಿದ್ದ ಸ್ವೀಡನ್, ನಾರ್ವೆ, ಫಿನ್‌ಲ್ಯಾಂಡ್, ಐರ್ಲೆಂಡ್, ಫ್ರೆಂಚ್ ಕೆನಡಾ ಮೂಲದ ಕೂಲಿಗಳದು. ಹಿಮದ ದಾರಿಯಲ್ಲಿ ಜಾರುಬಂಡಿಗಳ ಮೇಲೆ ದಿಮ್ಮಿ ಸಾಗಿಸಿ, ವಸಂತದಲ್ಲಿ ಹೊಳೆಗೆ ತಳ್ಳಿ ತೇಲಿಬಿಡುವ ಕೆಲಸ. ರಾತ್ರಿ ಬಿಡಾರದಲ್ಲಿ ಒಲೆಯ ಸುತ್ತ ಒದ್ದೆ ಕಾಲುಚೀಲ ಒಣಹಾಕಿಕೊಂಡು ಕೂತಾಗ, ಹೊಸದಾಗಿ ಸೇರಿದ ಹುಡುಗನನ್ನು ಹೆದರಿಸಲು ಈ ಗುಮ್ಮಗಳು ಹೊರಬರುತ್ತಿದ್ದವು.

ಹಾಗಾದರೆ ಇದು ಬರೀ ತಮಾಷೆಯ ಪುಸ್ತಕವೇ? ಅಗ್ರೊಪೆಲ್ಟರ್ ಎಂಬ ಪ್ರಾಣಿಯ ಪುಟ ಓದಿದರೆ ಹಾಗೆನಿಸುವುದಿಲ್ಲ. ಸಣಕಲು ಮೈ, ಕೋತಿಯ ಮುಸುಡಿ, ಚಾಟಿಯಂಥ ತೋಳು. ಟೊಳ್ಳು ಮರದೊಳಗೆ ಕೂತಿದ್ದು, ಹಾದುಹೋಗುವವನ ಮೇಲೆ ಒಣಗಿದ ಕೊಂಬೆ ಮುರಿದು ಬೀಸಿ ಎಸೆಯುತ್ತದೆ. ಸತ್ತವನನ್ನು ಎತ್ತಿಕೊಂಡು ಬಂದವರು ‘ಕೊಂಬೆ ಬಿದ್ದು ಸಾವು’ ಎಂದು ವರದಿ ಮಾಡುತ್ತಾರೆ ಅಷ್ಟೆ. ಒಣಗಿ ಮೇಲೆಯೇ ಸಿಕ್ಕಿಕೊಂಡ ಕೊಂಬೆ ಗಾಳಿಗೋ ಕೊಡಲಿಯ ಅದುರಿಗೋ ಕಳಚಿ ತಲೆಯ ಮೇಲೆ ಬೀಳುವುದು ಈ ಕಸುಬಿನ ಅತಿ ದೊಡ್ಡ ಅಪಾಯಗಳಲ್ಲೊಂದು. ಕಡಿಯುವವರು ಅಂಥ ಕೊಂಬೆಗೆ ‘ವಿಡೋಮೇಕರ್’ ಎಂದೇ ಹೆಸರಿಟ್ಟಿದ್ದರು. ಹೊಸಬನಿಗೆ ಮೇಲೆ ನೋಡಿಕೊಂಡು ನಡೆ ಎಂದು ಹತ್ತು ಸಲ ಹೇಳಿದರೂ ಕಿವಿಗೆ ಹೋಗುವುದಿಲ್ಲ. ಮೇಲೊಂದು ಪ್ರಾಣಿ ಕೂತಿದೆ ಎಂದರೆ ತಲೆ ತಾನಾಗಿ ಎತ್ತುತ್ತಾನೆ.

ಕಾಕ್ಸನ ಒಳ್ಳೆಯ ಪ್ರಾಣಿಗಳೆಲ್ಲ ಹೀಗೆ ಯಾವುದೋ ಗಾಯದಿಂದ, ಯಾವುದೋ ಗುರುತಿನಿಂದ ಹುಟ್ಟಿದವು. ಕಾಡಿನಲ್ಲಿ ನಡುಮುರಿದು ಸೀಳಿ ನಿಂತ ಮರಗಳ ಸಾಲು ಕಂಡರೆ ಅದು ಸ್ಪ್ಲಿಂಟರ್ ಕ್ಯಾಟ್ ಎಂಬ ಬೆಕ್ಕು ತಲೆಯಿಂದ ಗುದ್ದಿ ಜೇನು ಹುಡುಕಿದ ಕುರುಹು. ಬೆಂಕಿ ಬಿದ್ದ ಕಾಡಿನಲ್ಲಿ ರಬ್ಬರು ಸುಟ್ಟ ವಾಸನೆ ಬಂದರೆ ಅಲ್ಲೊಂದು ಗಂಬರೂ ಸಿಡಿದು ಸತ್ತಿದೆ. ಗುಂಡು ಹೊಡೆದರೆ ಹೊಡೆದವನಿಗೇ ವಾಪಸು ಚಿಮ್ಮಿಸುವ ಈ ಬೋಳು ಪ್ರಾಣಿ ಹೆದರುವುದು ಬೆಂಕಿಗೊಂದಕ್ಕೇ. ಈ ಪುಟವನ್ನು ಬರೆದವನೂ ಚಿತ್ರಿಸಿದವನೂ ಕಾಳ್ಗಿಚ್ಚಿನ ಕೆಲಸದವರು ಎಂಬುದು ನೆನಪಿದ್ದರೆ ನಗು ಸ್ವಲ್ಪ ಕಹಿಯಾಗುತ್ತದೆ. ಕಡಿದ ಮರಗಳ ಒಣ ಟೊಂಗೆ, ಸಿಪ್ಪೆ, ತುದಿಗಳನ್ನು ಕಂಪನಿಗಳು ಕಾಡಿನಲ್ಲೇ ಬಿಟ್ಟುಹೋಗುತ್ತಿದ್ದವು. ಅದೇ ಸೌದೆಯಾಗಿ 1871ರಲ್ಲಿ ವಿಸ್ಕಾನ್ಸಿನ್‌ನ ಪೆಶ್ಟಿಗೊ ಸುತ್ತ ಸಾವಿರಕ್ಕೂ ಹೆಚ್ಚು ಜನ ಸುಟ್ಟುಹೋದರು, 1894ರಲ್ಲಿ ಮಿನೆಸೋಟದ ಹಿಂಕ್ಲಿಯಲ್ಲಿ ನಾನೂರಕ್ಕೂ ಹೆಚ್ಚು ಜನ. ಕಾಕ್ಸನ ಅಧಿಕಾರಾವಧಿಯಲ್ಲೇ, 1918ರ ಅಕ್ಟೋಬರಿನಲ್ಲಿ, ಕ್ಲೊಕೆಟ್ ಪಟ್ಟಣವನ್ನು ಬೆಂಕಿ ನುಂಗಿತು.

ಇಲ್ಲಿಯೇ ಪುಸ್ತಕದ ಮೇಲಿನ ಮೊದಲ ತಕರಾರು ಹುಟ್ಟುತ್ತದೆ. ಕೊಂಬೆ ಬಿದ್ದು ಸತ್ತವನ ಸಾವಿಗೆ ಪ್ರಾಣಿಯನ್ನು ಹೊಣೆ ಮಾಡಿದರೆ ಬಿಡಾರ ನಡೆಸುವ ಕಂಪನಿ ಬಚಾವು. ಕೂಲಿಗಳು ಈ ಕತೆಯನ್ನು ತಮ್ಮತಮ್ಮಲ್ಲಿ ಹೇಳಿಕೊಂಡಾಗ ಅದರಲ್ಲಿ ಎಚ್ಚರಿಕೆಯೂ ಇತ್ತು, ಮೇಲಿನವರ ವರದಿಗಳ ಬಗ್ಗೆ ಲೇವಡಿಯೂ ಇತ್ತು. ಅಧಿಕಾರಿ ಅದನ್ನೇ ಅಚ್ಚುಹಾಕಿಸಿದಾಗ ಎಚ್ಚರಿಕೆ ಉದುರಿಹೋಗಿ ವಿನೋದ ಉಳಿಯುತ್ತದೆ. ಯಾವ ಬಿಡಾರದಲ್ಲಿ, ಯಾರ ಬಾಯಿಂದ, ಯಾವ ಮಾತಿನ ಓಘದಲ್ಲಿ ಕೇಳಿದ್ದು ಎಂಬುದನ್ನು ಕಾಕ್ಸ್ ದಾಖಲಿಸುವುದಿಲ್ಲ. ಪ್ರಾಣಿ ಎಲ್ಲಿಂದ ಎಲ್ಲಿಯವರೆಗೆ ಸಿಗುತ್ತದೆ ಎಂಬ ಭೂಗೋಳ ಮಾತ್ರ ಕರಾರುವಾಕ್ಕು. ಹೇಳಿದವರು ಮಾಯ. ಬಿಡಾರದ ಮಾತಿನಲ್ಲಿ ಖಂಡಿತ ಇದ್ದಿರಬೇಕಾದ ಬೈಗುಳ, ಪೋಲಿತನಗಳೂ ಮಾಯ. ಇಸ್ತ್ರಿ ಮಾಡಿದ ಜಾನಪದ ಇದು.

ಹಾಗೆಂದು ಇಸ್ತ್ರಿಯ ಅಡಿಯಲ್ಲಿ ಹಳೆಯ ನೇಯ್ಗೆ ಅಳಿಸಿಹೋಗಿಲ್ಲ. ಹ್ಯೂಗ್ಯಾಗ್ ಎಂಬ ಕಡವೆಯಂಥ ಪ್ರಾಣಿಗೆ ಕಾಲಲ್ಲಿ ಕೀಲಿಲ್ಲ, ಮಲಗಿದರೆ ಏಳಲಾರದು, ಮರಕ್ಕೆ ಒರಗಿ ನಿದ್ದೆ ಹೊಡೆಯುತ್ತದೆ. ಬೇಟೆಗಾರರು ಮರಕ್ಕೆ ಕಚ್ಚು ಹಾಕಿಟ್ಟರೆ ಮರದೊಂದಿಗೇ ಉರುಳುತ್ತದೆ. ಮೇಲ್ದುಟಿ ಎಷ್ಟು ಉದ್ದವೆಂದರೆ ಹುಲ್ಲು ಮೇಯಲು ಹೋದರೆ ತಾನೇ ತುಳಿದುಕೊಂಡೀತು. ಜರ್ಮನಿಯ ಕಾಡಿನ ಕಡವೆಗಳಿಗೆ ಮೊಣಕಾಲ ಕೀಲಿಲ್ಲ, ಮರಕ್ಕೆ ಒರಗಿ ಮಲಗುವ ಅವನ್ನು ಹೀಗೆಯೇ ಹಿಡಿಯುತ್ತಾರೆ ಎಂದು ಎರಡು ಸಾವಿರ ವರ್ಷದ ಹಿಂದೆ ಜೂಲಿಯಸ್ ಸೀಸರನ ಗಾಲ್ ಯುದ್ಧದ ಪುಸ್ತಕ ಹೇಳಿತ್ತು. ಮೇಲ್ದುಟಿಯ ತೊಂದರೆಯಿಂದ ಹಿಂದಕ್ಕೆ ಹೆಜ್ಜೆಯಿಡುತ್ತ ಮೇಯುವ ಪ್ರಾಣಿಯನ್ನು ರೋಮಿನ ಪ್ಲಿನಿ ವರ್ಣಿಸಿದ್ದ. ಸೀಸರನ ಕಡವೆ ಮಿನೆಸೋಟದ ಕೂಲಿಯ ಬಾಯಿಗೆ ಬಂದದ್ದು ಹೇಗೆ? ಶಾಲೆಯ ಲ್ಯಾಟಿನ್ ಪಾಠದಿಂದಲೋ, ಯೂರೋಪಿನ ಬೇಟೆಗಾರರ ಬಾಯಿಮಾತಿನಿಂದಲೋ, ಅಥವಾ ಓದಿಕೊಂಡ ಅರಣ್ಯಾಧಿಕಾರಿಯೇ ಸದ್ದಿಲ್ಲದೆ ಸೇರಿಸಿದ್ದೋ? ಹೇಳಿದವರ ವಿವರವನ್ನು ಕಾಕ್ಸ್ ಬರೆದಿಟ್ಟಿದ್ದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು. ಅವನ ಬರಹದ ಸೊಗಸಿಗೆ ನಾವು ತೆತ್ತ ಬೆಲೆ ಅದು.

ಇಡೀ ಪುಸ್ತಕದಲ್ಲಿ ಮತ್ತೆಮತ್ತೆ ಓದಿಸಿಕೊಳ್ಳುವುದು ಸ್ಕ್ವಾಂಕ್. ಪೆನ್ಸಿಲ್ವೇನಿಯದ ಹೆಮ್ಲಾಕ್ ಮರಗಳ ಕಾಡಿನಲ್ಲಿ ಇದರ ವಾಸ. ಮೈಗೆ ಹೊಂದದ ಚರ್ಮ, ಅದರ ತುಂಬ ನರುಲಿ, ಮಚ್ಚೆ. ತನ್ನ ಕುರೂಪಕ್ಕೆ ನಾಚಿ ಮುಸ್ಸಂಜೆಯಲ್ಲಷ್ಟೇ ಹೊರಬೀಳುತ್ತದೆ, ಸದಾ ಅಳುತ್ತಿರುತ್ತದೆ. ಕಣ್ಣೀರಿನ ಜಾಡು ಹಿಡಿದು ಬೇಟೆಗಾರ ಹತ್ತಿರ ಬಂದನೋ, ಹೆದರಿ ಪೂರ್ತಿ ಕರಗಿಯೇ ಹೋಗುತ್ತದೆ. ವೆಂಟ್ಲಿಂಗ್ ಎಂಬಾತ ಮಾಂಟ್ ಆಲ್ಟೊ ಹತ್ತಿರ ಒಂದನ್ನು ಅದರದೇ ದನಿಯಲ್ಲಿ ಕರೆದು ಚೀಲಕ್ಕೆ ಇಳಿಸಿಕೊಂಡನಂತೆ. ಹೊತ್ತು ತರುವಾಗ ಚೀಲ ಇದ್ದಕ್ಕಿದ್ದಂತೆ ಹಗುರಾಯಿತು, ಬಿಚ್ಚಿ ನೋಡಿದರೆ ಕಣ್ಣೀರು ಮತ್ತು ನೊರೆಗುಳ್ಳೆ. ಈ ವೆಂಟ್ಲಿಂಗ್ ನಿಜವಾದ ಮನುಷ್ಯ, ಪೆನ್ಸಿಲ್ವೇನಿಯದಿಂದ ಮಿನೆಸೋಟಕ್ಕೆ ಬಂದ ಅರಣ್ಯಶಾಸ್ತ್ರದ ಮೇಷ್ಟ್ರು. ಮಾಂಟ್ ಆಲ್ಟೊದಲ್ಲಿ ಇದ್ದದ್ದು ಅರಣ್ಯ ಶಾಲೆ. ಅಂದರೆ ಇದು ಸಹೋದ್ಯೋಗಿಯ ಕಾಲೆಳೆದ ಒಳಜೋಕು. ಆದರೆ ಜೋಕನ್ನು ಮೀರಿದ್ದೂ ಇಲ್ಲಿದೆ. ಪೆನ್ಸಿಲ್ವೇನಿಯದ ಹೆಮ್ಲಾಕ್ ಮರಗಳನ್ನು ಉರುಳಿಸುತ್ತಿದ್ದದ್ದು ಹೆಚ್ಚಾಗಿ ತೊಗಟೆಗಾಗಿ, ಚರ್ಮ ಹದ ಮಾಡುವ ಕಾರ್ಖಾನೆಗಳಿಗೆ. ತೊಗಟೆ ಸುಲಿದು ಎಷ್ಟೋ ಸಲ ಕಾಂಡವನ್ನು ಕೊಳೆಯಲು ಬಿಟ್ಟುಬಿಡುತ್ತಿದ್ದರು. 1910ರ ಹೊತ್ತಿಗೆ ಆ ಕಾಡು ಬಹುಪಾಲು ಬೋಳಾಗಿತ್ತು. ಚರ್ಮದ ವ್ಯಾಪಾರಕ್ಕೆ ಬಲಿಯಾದ ಮರದ ಕೆಳಗೆ, ಚರ್ಮ ಸರಿಹೊಂದದ ಪ್ರಾಣಿ ಅಳುತ್ತ ಕೂತಿದೆ. ಕಾಕ್ಸ್ ಇದನ್ನು ಬೇಕೆಂದೇ ಮಾಡಿದನೆಂದು ಸಾಧಿಸಹೊರಟರೆ ಅತಿಬುದ್ಧಿಯಾದೀತು. ಬರಹದಲ್ಲಿ ಅದು ಬಂದು ಕೂತಿದೆ ಎನ್ನುವುದಕ್ಕೇನೂ ಅಡ್ಡಿಯಿಲ್ಲ.

ಅರ್ಜೆಂಟೀನಾದ ಬೋರ್ಹೆಸ್ ತನ್ನ ಕಾಲ್ಪನಿಕ ಜೀವಿಗಳ ಸಂಕಲನಕ್ಕೆ ಸ್ಕ್ವಾಂಕನ್ನು ಎತ್ತಿಕೊಂಡ. 1976ರಲ್ಲಿ ಜೆನೆಸಿಸ್ ಎಂಬ ಇಂಗ್ಲಿಷ್ ರಾಕ್ ತಂಡ ಅದರ ಹೆಸರಲ್ಲೇ ಹಾಡು ಮಾಡಿತು. ಹೆಮ್ಲಾಕ್ ಕಾಡಿನಿಂದ ಇಷ್ಟು ದೂರ ಬಂದ ಮೇಲೂ ಅದು ಬದುಕುಳಿಯಿತು ಎಂದರೆ ಶ್ರೇಯ ಕಾಕ್ಸನ ಗದ್ಯಕ್ಕೇ ಸಲ್ಲಬೇಕು. 1939ರಲ್ಲಿ ಹೆನ್ರಿ ಟ್ರಯಾನ್ ಇಂಥದ್ದೇ ಇನ್ನೊಂದು ಸಂಗ್ರಹ ತಂದ. ಯಾವಾಗಲೂ ಬೆನ್ನ ಹಿಂದೆಯೇ ಇದ್ದು ಕಣ್ಣಿಗೆ ಬೀಳದ ಹೈಡ್‌ಬಿಹೈಂಡ್ ಅದರ ಆಸ್ತಿ. ಉಳಿದಂತೆ ಅಲ್ಲಿ ಚಾತುರ್ಯದ ಪ್ರದರ್ಶನ ಜಾಸ್ತಿ.

ಹೋಡ್ಯಾಗ್‌ನ ಕತೆ ಬೇರೆಯೇ ದಾರಿ ಹಿಡಿಯಿತು. ಕಾಕ್ಸನ ಹೋಡ್ಯಾಗ್‌ಗೆ ಮೂಗಿನ ಮೇಲೆ ಗುದ್ದಲಿಯಂಥ ಮೂಳೆ. ಅದು ಅಡ್ಡ ಬಂದು ನೆಟ್ಟಗೆ ಮೇಲಷ್ಟೇ ನೋಡಬಲ್ಲದು. ಮರದಲ್ಲಿ ಮುಳ್ಳುಹಂದಿ ಕಂಡರೆ ಬುಡ ಅಗೆದು ಮರ ಬೀಳಿಸುತ್ತದೆ. ವಿಸ್ಕಾನ್ಸಿನ್‌ನ ರೈನ್‌ಲ್ಯಾಂಡರ್ ಪಟ್ಟಣದ ನಾಟಾ ಸರ್ವೇಯರ್ ಯುಜೀನ್ ಶೆಪರ್ಡ್‌ನ ಹೋಡ್ಯಾಗ್ ಕೊಂಬು, ಕೋರೆಹಲ್ಲು, ಬೆನ್ನ ತುಂಬ ಮುಳ್ಳಿನ ಪ್ರಾಣಿ. 1893ರಲ್ಲಿ ಅದನ್ನು ಡೈನಮೈಟ್ ಇಟ್ಟು ಕೊಂದೆವೆಂದ. 1896ರಲ್ಲಿ ಗುಹೆಯಲ್ಲಿ ಕ್ಲೋರೋಫಾರ್ಮ್ ಕೊಟ್ಟು ಜೀವಂತ ಹಿಡಿದೆವೆಂದು ಜಾತ್ರೆಯ ಮಬ್ಬುಗತ್ತಲ ಡೇರೆಯಲ್ಲಿಟ್ಟು ಕಾಸು ಎತ್ತಿದ. ಮರ ಕೆತ್ತಿ ತೊಗಲು ಹೊದಿಸಿದ ಆ ಬೊಂಬೆಯನ್ನು ತಂತಿ ಎಳೆದು ಅಲುಗಾಡಿಸುತ್ತಿದ್ದರು. ಪರೀಕ್ಷೆಗೆ ಸ್ಮಿತ್ಸೋನಿಯನ್ ಸಂಸ್ಥೆಯವರು ಬರುತ್ತಾರೆಂಬ ಸುದ್ದಿ ಬಂದಾಗ ಶೆಪರ್ಡ್ ಮೋಸ ಒಪ್ಪಿಕೊಂಡ. ಊರಿಗೆ ಅದರಿಂದ ಮುಖಭಂಗವೇನೂ ಆಗಲಿಲ್ಲ. ಇಂದು ಅಲ್ಲಿನ ಹೈಸ್ಕೂಲು ತಂಡಗಳ ಹೆಸರು ಹೋಡ್ಯಾಗ್ಸ್. ಊರಲ್ಲಿ ಅದರ ದೊಡ್ಡ ಪ್ರತಿಮೆ. 1978ರಿಂದ ಅದರ ಹೆಸರಲ್ಲಿ ಸಂಗೀತೋತ್ಸವ. ಒಂದೇ ಹೆಸರಿಗೆ ಎರಡು ಮೈ ಇರುವುದು ಬಾಯಿಮಾತಿನ ಪರಂಪರೆ ಜೀವಂತವಾಗಿತ್ತು ಎನ್ನುವುದಕ್ಕೆ ಸಾಕ್ಷಿ. ಪ್ರತಿಮೆ ನಿಂತ ಮೇಲೆ ಒಂದೇ ಮೈ ಉಳಿಯಿತು.

ಜಾನಪದ ವಿದ್ವಾಂಸ ರಿಚರ್ಡ್ ಡಾರ್ಸನ್ 1950ರಲ್ಲಿ ಹರಿಹಾಯ್ದದ್ದು ಇಂಥ ವ್ಯಾಪಾರದ ಮೇಲೆಯೇ. ನಾಟಾ ಕಾಡಿನ ದೈತ್ಯ ಪಾಲ್ ಬನ್ಯನ್‌ನ ಕತೆಗಳು ಬಹುಪಾಲು ಹರಡಿದ್ದು 1914ರಿಂದ ರೆಡ್ ರಿವರ್ ಲಂಬರ್ ಕಂಪನಿ ಹಂಚಿದ ಜಾಹೀರಾತು ಪುಸ್ತಿಕೆಗಳಿಂದ. ಅದನ್ನು ಜಾನಪದವೆನ್ನಬೇಡಿ, ‘ಫೇಕ್‌ಲೋರ್’ ಎನ್ನಿ ಎಂದ. ಏಟು ನ್ಯಾಯವಾದದ್ದೇ. ಆದರೆ ಅದೇ ಡಾರ್ಸನ್ ಕೊನೆಗಾಲದಲ್ಲಿ ಬರೆದು, ಅವನ ಸಾವಿನ ನಂತರ 1982ರಲ್ಲಿ ಬಂದ ಪುಸ್ತಕದಲ್ಲಿ ಈ ಹಾಸ್ಯದ ಮೃಗಗಳಿಗೆ ಗಣ್ಯ ಜಾಗವನ್ನೇ ಕೊಟ್ಟ. ಕಾಕ್ಸನ ಪುಸ್ತಕ ನಿಲ್ಲುವುದು ಇವೆರಡರ ನಡುವೆ: ಪೂರ್ತಿ ನಂಬಲಾಗದ ದಾಖಲೆ, ಹಾಗೆಂದು ಮಾರಾಟಕ್ಕೆ ಹೊಸೆದ ಸರಕೂ ಅಲ್ಲ.

ಗಾಯದಿಂದ ಕಳಚಿಕೊಂಡ ಗುಮ್ಮ ಹೇಗಿರುತ್ತದೆ ಎಂದು ನೋಡಲು ವೆಸ್ಟ್ ವರ್ಜೀನಿಯದ ಪಾಯಿಂಟ್ ಪ್ಲೆಸೆಂಟ್‌ಗೆ ಹೋಗಬೇಕು. 1966ರ ನವೆಂಬರಿನಲ್ಲಿ ಅಲ್ಲಿ ಕೆಂಗಣ್ಣಿನ, ರೆಕ್ಕೆಯ ಆಕೃತಿಯೊಂದು ಕಂಡಿತೆಂಬ ಗುಲ್ಲೆದ್ದಿತು. 1967ರ ಡಿಸೆಂಬರ್ 15ರಂದು ಓಹೈಯೊ ನದಿಯ ಸಿಲ್ವರ್ ಬ್ರಿಜ್ ಕುಸಿದು 46 ಜನ ಸತ್ತರು. ಸೇತುವೆ ತೂಗುತ್ತಿದ್ದ ಉಕ್ಕಿನ ಪಟ್ಟಿಗಳಲ್ಲಿ ಒಂದರಲ್ಲಿದ್ದ ಸಣ್ಣ ಬಿರುಕೇ ಕಾರಣವೆಂದು ತನಿಖೆ ಹೇಳಿತು. ದೇಶದಾದ್ಯಂತ ಸೇತುವೆಗಳ ತಪಾಸಣೆ ಕಡ್ಡಾಯವಾದದ್ದು ಆ ದುರಂತದ ನಂತರ. ಆದರೆ ಇವತ್ತು ಊರಿನ ನಡುವೆ ಇರುವ ಲೋಹದ ಪ್ರತಿಮೆ ಮಾತ್‌ಮ್ಯಾನ್‌ನದು. ವರ್ಷಕ್ಕೊಮ್ಮೆ ಉತ್ಸವವೂ ಅದಕ್ಕೇ. ಅಗ್ರೊಪೆಲ್ಟರ್ ಅಪಾಯದ ಕಡೆಗೆ ಕತ್ತೆತ್ತಿಸುತ್ತಿತ್ತು. ಮಾತ್‌ಮ್ಯಾನ್ ಮುನ್ಸೂಚನೆಯ ರೋಮಾಂಚನ ಕೊಟ್ಟು ಬಿರುಕು ಬಿಟ್ಟ ಉಕ್ಕನ್ನು ಮರೆಸುತ್ತದೆ.

ಕಾಕ್ಸನ ಮೇಲೆ ಉಳಿಯುವ ದೊಡ್ಡ ಆಕ್ಷೇಪ ಅವನು ಬಿಟ್ಟದ್ದರ ಕುರಿತು. ಪುಸ್ತಕದ ಕಾಡುಗಳಲ್ಲಿ ಕೂಲಿಗಳು ಬರುವ ಮೊದಲು ಯಾರೂ ಇರಲಿಲ್ಲವೇನೋ ಎನ್ನುವಂತಿದೆ. ವಿಸ್ಕಾನ್ಸಿನ್, ಮಿನೆಸೋಟಗಳ ಪೈನ್ ಕಾಡಿನ ಒಂದು ದೊಡ್ಡ ಭಾಗ ನಾಟಾ ವ್ಯಾಪಾರಕ್ಕೆ ತೆರೆದುಕೊಂಡದ್ದು 1837ರ ಒಪ್ಪಂದದಲ್ಲಿ ಒಜಿಬ್ವೆ ಜನ ಅದನ್ನು ಬಿಟ್ಟುಕೊಟ್ಟ ಮೇಲೆ. ಚಳಿಗಾಲದ ಹಸಿವು ಮನುಷ್ಯನನ್ನು ಮನುಷ್ಯನನ್ನೇ ತಿನ್ನುವಂತೆ ಮಾಡೀತೆಂಬ ಅವರ ವಿಂಡಿಗೊ ಇದೇ ಕಾಡಿನದು. ಅದನ್ನು ಕಾಕ್ಸ್ ಜೋಕು ಮಾಡದೆ ಬಿಟ್ಟದ್ದು ಒಳ್ಳೆಯದೇ ಆಯಿತು. ಬೇಸರ ತರಿಸುವುದು ಮುನ್ನುಡಿಯ ಧಾಟಿ. ಕಾಡು ಕುಗ್ಗುತ್ತಿದೆ, ಕಾಡಿನೊಂದಿಗೆ ಈ ಕತೆಗಳೂ ಹೋಗಲಿವೆ ಎಂದು ಅದು ಕೊರಗುತ್ತದೆ. ಕುಗ್ಗುವುದು ಋತು ಬದಲಾದಷ್ಟು ಸಹಜ ಎಂಬಂತೆ. ಅದೇ ವಿಸ್ಕಾನ್ಸಿನ್‌ನಲ್ಲಿ ಮೆನೋಮಿನಿ ಜನರ ಕಾಡಿದೆ. ಪುಸ್ತಕ ಅಚ್ಚಾಗುವ ಎರಡು ವರ್ಷ ಮೊದಲು, 1908ರಲ್ಲಿ, ಅಲ್ಲಿ ಬೆಳೆದಷ್ಟನ್ನೇ ಕಡಿಯುವ ಪದ್ಧತಿಗೆ ಕಾನೂನಿನ ಬೆಂಬಲ ಸಿಕ್ಕಿತ್ತು. ಅವರು ನಾಟಾ ಕಡಿಯುವುದನ್ನು ಇವತ್ತಿಗೂ ನಿಲ್ಲಿಸಿಲ್ಲ. 1854ರಲ್ಲಿ ಆ ನೆಲ ಅವರ ಪಾಲಿಗೆ ಗೊತ್ತಾದಾಗ ಇದ್ದದ್ದಕ್ಕಿಂತ ಹೆಚ್ಚು ಮರ ಈಗ ಅಲ್ಲಿದೆ.