ಕಾಮಣ್ಣನ ಸೀಮೆಯಲ್ಲಿ ವ್ಯಾಲೆಂಟೈನ್

ಫೆಬ್ರವರಿ ಬಂತಂದ್ರೆ ಸಾಕು, ನನ್ನ ಫೋನಿಗೆ ಎರಡು ನಮೂನೆಯ ಮೆಸೇಜು ಬರ್ತವೆ. ಬೆಂಗಳೂರಿನ ಆಫೀಸ್ ಗ್ರೂಪಿನಿಂದ ಬರೋದು ಆಫರು: ಇಬ್ಬರ ಊಟಕ್ಕೆ ರಿಯಾಯಿತಿ, ಕೇಕಿನ ಜೊತೆ ಗುಲಾಬಿ ಫ್ರೀ. ರೋಣದ ಬಂಧುಗಳ ಗ್ರೂಪಿನಿಂದ ಬರೋದು ಎಚ್ಚರಿಕೆ: ಅವತ್ತು ಪ್ರೇಮಿಗಳ ದಿನ ಅಲ್ಲ, ಭಗತ್ ಸಿಂಗರನ್ನು ಗಲ್ಲಿಗೇರಿಸಿದ ದಿನ, ನಾಚಿಕೆ ಇರಲಿ. ಭಗತ್ ಸಿಂಗರನ್ನು ಗಲ್ಲಿಗೇರಿಸಿದ್ದು 1931ರ ಮಾರ್ಚ್ 23ರಂದು. ಒಂದು ಗುಲಾಬಿ ಹೂವನ್ನು ತಡೆಯೋದಕ್ಕೆ ಹುತಾತ್ಮರ ತಾರೀಖನ್ನೇ ಬದಲಿಸುವವರಿಗೆ ಆ ಹೂವಿನ ಬಗ್ಗೆ ಎಷ್ಟು ಭಯ ಇರಬೇಕು, ಯೋಚಿಸಿ.

ಈ ಭಯಕ್ಕೆ ನಮ್ಮ ರಾಜ್ಯದಲ್ಲೇ ಒಂದು ಚರಿತ್ರೆ ಇದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಅದರ ಬೆನ್ನಿಗೇ ಶ್ರೀರಾಮ ಸೇನೆಯ ಪ್ರಮೋದ್ ಮುತಾಲಿಕ್, ಫೆಬ್ರವರಿ 14ರಂದು ಜೋಡಿಯಾಗಿ ಕಂಡವರಿಗೆ ಮದುವೆ ಮಾಡಿಸುತ್ತೇವೆ ಅಂತ ಘೋಷಿಸಿದರು. ಅದಕ್ಕೆ ಉತ್ತರವಾಗಿ ದೇಶದ ಹೆಣ್ಣುಮಕ್ಕಳು ಅವರಿಗೆ ಅಂಚೆಯಲ್ಲಿ ಗುಲಾಬಿ ಚಡ್ಡಿ ಕಳಿಸಿದರು. 2018ರಲ್ಲಿ ಪಬ್ ದಾಳಿಯ ಆರೋಪಿಗಳೆಲ್ಲ ಮಂಗಳೂರಿನ ಕೋರ್ಟಿನಲ್ಲಿ ಖುಲಾಸೆಯಾದರು. 2023ರಲ್ಲಿ ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿ, ಫೆಬ್ರವರಿ 14ನ್ನು ಹಸು ಅಪ್ಪಿಕೊಳ್ಳುವ ದಿನವಾಗಿ ಆಚರಿಸಿ ಅಂತ ಕರೆ ಕೊಟ್ಟು, ನಾಲ್ಕೇ ದಿನದಲ್ಲಿ ವಾಪಸ್ ಪಡೆಯಿತು. ರೋಣದ ಕಡೆ ಎತ್ತು-ಆಕಳಿಗೆ ಮೈತೊಳೆದು ಪೂಜೆ ಮಾಡೋದಕ್ಕೆ ಯಾವ ಮಂಡಳಿಯ ಸುತ್ತೋಲೆಯೂ ಬೇಕಾಗಿಲ್ಲ, ಕಾರಹುಣ್ಣಿಮೆ ಇದೆ. ವಿದೇಶಿ ಹಬ್ಬಕ್ಕೆ ಕೊಟ್ಟ ಸ್ವದೇಶಿ ಉತ್ತರವೂ ಅದೇ ವಿದೇಶಿ ಅಚ್ಚಿನದು ಅನ್ನೋದು ಇಲ್ಲಿನ ತಮಾಷೆ. ಒಂದು ಇಂಗ್ಲಿಷ್ ತಾರೀಖು, ಅದಕ್ಕೊಂದು ಹೆಸರು, ಅದರ ಜೊತೆ ಒಂದು ಫೋಟೋ.

"ಇದು ನಮ್ದಲ್ಲೋ ತಮ್ಮಾ, ಹೊರಗಿಂದ ಬಂದದ್ದು" ಅನ್ನೋದು ಊರಿನ ಹಿರಿಯರ ಮುಖ್ಯ ತಕರಾರು. ಸರಿ, ನಮ್ಮೂರಿನ ಲೆಕ್ಕದಲ್ಲೇ ನೋಡೋಣ. ರೋಣದ ಎರಿಭೂಮಿಯಲ್ಲಿ ಬೆಳೆಯೋ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಶೇಂಗಾದ ಮೂಲ ದಕ್ಷಿಣ ಅಮೆರಿಕ. ಆದರೂ ಶೇಂಗಾ ಹೋಳಿಗೆ ಇಲ್ಲದ ಹಬ್ಬ ನಮಗೆ ಹಬ್ಬ ಅನ್ನಿಸೋದಿಲ್ಲ. ಕಿರಾಣಾ ಘರಾಣೆಯ ಹೆಸರು ಬಂದದ್ದು ಉತ್ತರಪ್ರದೇಶದ ಕೈರಾನಾ ಊರಿನಿಂದ. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರಿಗೆ ಆ ಗಾಯನ ಇಳಿಯಿತು. ಭೀಮಸೇನರು ನಮ್ಮೂರವರು ಅಂತ ಎದೆ ತಟ್ಟಿ ಹೇಳ್ತೀವಿ. ಅವರು ಹಾಡಿದ್ದು ಹೊರಗಿನದು ಅಂತ ಯಾರೂ ಹೇಳೋದಿಲ್ಲ. ಇನ್ನು ಇದು ಕ್ರೈಸ್ತರ ಹಬ್ಬ ಅನ್ನೋವರಿಗೆ ಒಂದು ಮಾಹಿತಿ: ಸಂತ ವ್ಯಾಲೆಂಟೈನನ ಸ್ಮರಣೆಯನ್ನು ಕ್ಯಾಥೊಲಿಕ್ ಚರ್ಚೇ 1969ರಲ್ಲಿ ತನ್ನ ಸಾಮಾನ್ಯ ಪಂಚಾಂಗದಿಂದ ತೆಗೆದುಹಾಕಿದೆ.

ಆದರೆ ಇನ್ನೊಂದು ಬದಿಯ ವಾದವೂ ನನಗೆ ಒಪ್ಪಿಗೆಯಿಲ್ಲ. ನಮ್ಮಂಥ ಓದಿದವರು ಕೂಡಲೇ ಕಾಮಸೂತ್ರ ತೆಗೀತೀವಿ. ಹರ್ಷನ ರತ್ನಾವಳಿ ನಾಟಕದ ಮದನೋತ್ಸವ ನೆನಪಿಸ್ತೀವಿ. ರೋಣದಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರಬಹುದಾದ ಬಾದಾಮಿಯ ಮೂರನೇ ಗುಹೆ ತೋರಿಸ್ತೀವಿ. ಅಲ್ಲಿ 578ರ ಶಾಸನ ಇದೆ, ಕಂಬಗಳ ಮೇಲೆ ತಬ್ಬಿ ನಿಂತ ಜೋಡಿಗಳಿವೆ. ನೋಡಿ, ನಾವು ಎಷ್ಟು ಮುಕ್ತವಾಗಿದ್ವಿ! ಸರಿ, ಕಲ್ಲಿನ ಜೋಡಿಗೆ ಯಾರೂ ಅಡ್ರೆಸ್ ಕೇಳೋದಿಲ್ಲ. ಅದೇ ಗುಹೆಯ ಮೆಟ್ಟಿಲ ಮೇಲೆ ಕೂತ ಕಾಲೇಜಿನ ಹುಡುಗ ಹುಡುಗಿಗೆ, ಯಾವೂರು, ಯಾರ ಮಕ್ಕಳು ಅಂತ ಕೇಳೋವರು ಹತ್ತು ಮಂದಿ ಸಿಗ್ತಾರೆ. ಅವರ ಬೆನ್ನಿಗೆ ಕಾಮಸೂತ್ರ ನಿಲ್ಲೋದಿಲ್ಲ.

ನಮ್ಮ ಸೀಮೆಯ ನಿಜವಾದ ಸಾಕ್ಷಿ ಬೇಕಂದ್ರೆ ಹೋಳಿಹುಣ್ಣಿಮೆ ನೋಡಬೇಕು. ಪ್ರೇಮದ ದೇವರನ್ನು ಬೀದಿಯಲ್ಲಿ ಕೂಡಿಸಿ ಹಲಗೆ ಬಾರಿಸೋ ನಾಡು ನಮ್ಮದು. ಪಕ್ಕದ ನವಲಗುಂದದ ರಾಮಲಿಂಗ ಕಾಮಣ್ಣನ ಹತ್ತಿರ ಮದುವೆ ಆಗಲಿ, ಮಕ್ಕಳಾಗಲಿ ಅಂತ ಹರಕೆ ಹೊರೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಓಣಿ ಓಣಿಗಳಲ್ಲಿ ಹುಡುಗರು ಕಟ್ಟಿಗೆ, ಕುಳ್ಳು ಕದ್ದು ತರ್ತಾರೆ. ಕೊನೆಗೆ ಕಾಮಣ್ಣನನ್ನು ಸುಟ್ಟು ಬಾಯಿ ಬಡಕೊಳ್ತಾರೆ. ಎಷ್ಟು ದೊಡ್ಡ ಮನಸ್ಸಿನ ಹಬ್ಬ! ಆದರೆ ಹಲಗೆ ಯಾರ ಕೈಯಲ್ಲಿರ್ತದೆ? ಗಂಡಸರ ಕೈಯಲ್ಲಿ. ಅವತ್ತು ಬೀದಿಯಲ್ಲಿ ಬಾಯಿಗೆ ಬಂದದ್ದು ಅನ್ನೋ ಹಕ್ಕೂ ಅವರದೇ. ಹೆಣ್ಣುಮಕ್ಕಳು ಬಾಗಿಲ ಮರೆಯಲ್ಲಿ ನಿಂತು ನೋಡಬೇಕು. ಅಂದರೆ ನಮ್ಮ ಸಂಸ್ಕೃತಿಯಲ್ಲಿ ಕಾಮಕ್ಕೆ ಜಾಗ ಇದೆ, ಮದುವೆಯಾದ ಮೇಲಿನ ಒಲವಿಗೂ ಜಾಗ ಇದೆ. ಇವೆರಡರ ನಡುವೆ ಒಂದು ಖಾಲಿ ಜಾಗ ಉಳಿದಿದೆ: ಹುಡುಗಿಯೊಬ್ಬಳು ತಾನಾಗೇ ಒಬ್ಬನನ್ನು ನೋಡಿ, ಯೋಚಿಸಿ, ಹೂಂ ಅಥವಾ ಉಹುಂ ಅನ್ನೋದಕ್ಕೆ. ವ್ಯಾಲೆಂಟೈನ್ ದಿನ ಟೆಡ್ಡಿ ಬೇರು, ಹೃದಯದಾಕಾರದ ಬಲೂನಿನ ಜೊತೆ ಪೆದ್ದುಪೆದ್ದಾಗಿ ಬಂದು ಕೂತದ್ದು ಸರಿಯಾಗಿ ಆ ಖಾಲಿ ಜಾಗದಲ್ಲಿ. ಜಗಳ ಎದ್ದದ್ದೂ ಅದಕ್ಕೇ. ತಕರಾರು ರೋಮಿನ ಸಂತನ ಮೇಲಲ್ಲ, ಆ ಹುಡುಗಿ ಅನ್ನೋ ಹೂಂ ಮೇಲೆ.

ಇದು ಬರೀ ಮಾತಿನ ಜಗಳ ಅಲ್ಲ. ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿ ನಮ್ಮ ಸೀಮೆಯದೇ ಹಳ್ಳಿ. ಅಲ್ಲಿನ ಒಂದು ಜೋಡಿ ಜಾತಿ ಮೀರಿ ಮದುವೆಯಾಗಿ, ಊರು ಬಿಟ್ಟು ದೂರ ದುಡಿದು ತಿನ್ನುತ್ತಿತ್ತು. 2019ರಲ್ಲಿ ದೀಪಾವಳಿಗೆ ಊರಿಗೆ ಬಂದರು. ನವೆಂಬರಿನಲ್ಲಿ ಹುಡುಗಿಯ ಕಡೆಯವರೇ ಅವರಿಬ್ಬರನ್ನೂ ಕಲ್ಲಿನಿಂದ ಹೊಡೆದು ಕೊಂದರು. ಇಬ್ಬರು ಸಣ್ಣ ಮಕ್ಕಳು ಅನಾಥರಾದರು. 2025ರ ಜನವರಿಯಲ್ಲಿ ಗದಗಿನ ಕೋರ್ಟು ನಾಲ್ವರಿಗೆ ಮರಣದಂಡನೆ ವಿಧಿಸಿತು. ಆ ಗಂಡಹೆಂಡತಿ ಬಂದದ್ದು ನಮ್ಮದೇ ಹಬ್ಬಕ್ಕೆ. ಮದುವೆಯಾಗಿದ್ದರು, ಮಕ್ಕಳಿದ್ದರು, ಸಂಸ್ಕೃತಿ ರಕ್ಷಕರು ಪಾರ್ಕಿನಲ್ಲಿ ಕೇಳೋ ತಾಳಿಯೂ ಅಲ್ಲಿತ್ತು. ಏನೂ ಉಪಯೋಗಕ್ಕೆ ಬರಲಿಲ್ಲ.

ಪ್ರತಿ ವರ್ಷ ಬಸವ ಜಯಂತಿಗೆ ಎತ್ತಿನ ಮೆರವಣಿಗೆ ತೆಗೆಯೋ ನಾಡಿದು. ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟ ಮದುವೆಗಾಗಿ ಕಲ್ಯಾಣದಲ್ಲಿ ಇಬ್ಬರೂ ತಂದೆಯಂದಿರು ಪ್ರಾಣ ಕೊಟ್ಟರು ಅನ್ನೋ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೀವಿ. ಹಾಗಾದರೆ ಜಾತಿ ಮೀರಿದ ಮದುವೆ ನಮ್ಮ ಸಂಸ್ಕೃತಿಯೋ, ಅದಕ್ಕೆ ಕೊಟ್ಟ ಶಿಕ್ಷೆ ನಮ್ಮ ಸಂಸ್ಕೃತಿಯೋ? ಎರಡೂ ಹೌದು. ಸಂಸ್ಕೃತಿ ಅನ್ನೋದು ಹಿರಿಯರು ಬೀಗ ಹಾಕಿ ಕೊಟ್ಟ ಪೆಟ್ಟಿಗೆ ಅಲ್ಲ. ಎರಡರಲ್ಲಿ ಯಾವುದನ್ನು ಮುಂದಕ್ಕೆ ಒಯ್ಯಬೇಕು ಅಂತ ಪ್ರತಿ ತಲೆಮಾರೂ ತೀರ್ಮಾನ ಮಾಡಲೇಬೇಕು.

ಕಾನೂನು ತನ್ನ ತೀರ್ಮಾನ ಹೇಳಿಯಾಗಿದೆ. ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯಲ್ಲಿ ಮಗಳು ಕಾಣೆಯಾಗಿದ್ದಾಳೆ ಅಂತ ತಂದೆಯೊಬ್ಬರು ದೂರು ಕೊಟ್ಟಿದ್ದರು. ಮಗಳು ಮದುವೆಯಾದ ದಾಖಲೆ ಕಳಿಸಿದರೂ, ಠಾಣೆಗೇ ಬಂದು ಹೇಳಿಕೆ ಕೊಡಬೇಕು ಅಂತ ಪೊಲೀಸರು ಪಟ್ಟು ಹಿಡಿದರು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿದರೆ ಮನೆಯವರ, ಸಮುದಾಯದ ಒಪ್ಪಿಗೆ ಬೇಕಿಲ್ಲ ಅಂತ ಹೇಳಿ ಆ ಪ್ರಕರಣ ರದ್ದು ಮಾಡಿತು. ಇಂಥ ಸಂಗತಿಗಳನ್ನು ಹೇಗೆ ನಿಭಾಯಿಸಬೇಕು ಅಂತ ಪೊಲೀಸರಿಗೆ ಎಂಟು ವಾರದೊಳಗೆ ತರಬೇತಿ, ಮಾರ್ಗಸೂಚಿ ಸಿದ್ಧಮಾಡಿ ಅಂತಲೂ ಸೂಚಿಸಿತು.

ಇನ್ನು ನಮ್ಮ ಸರದಿ, ಅಂದರೆ ಬೆಂಗಳೂರಿನಲ್ಲಿ ಕೂತು ಇದನ್ನು ಓದೋ ನಿಮ್ಮದೂ ನನ್ನದೂ. ನಾವು ಆಚರಿಸೋ ಫೆಬ್ರವರಿ 14 ಯಾರ ಹಬ್ಬ? ಬಾಡಿಗೆ ಮನೆ, ಸಂಬಳ, ಊರಿನಿಂದ ನಾನೂರು ಕಿಲೋಮೀಟರ್ ದೂರ, ಇಷ್ಟಿದ್ದವರ ಹಬ್ಬ. ದೊಡ್ಡಬಳ್ಳಾಪುರದ ಪಾಲಿಹೌಸಿನಲ್ಲಿ ಬೆಳೆದ ತಾಜ್ ಮಹಲ್ ಗುಲಾಬಿಯನ್ನು ಮೂರು ಪಟ್ಟು ಬೆಲೆ ಕೊಟ್ಟು ತರ್ತೀವಿ, ಫೋಟೋ ಹಾಕ್ತೀವಿ. ಆಮೇಲೆ ಅದೇ ವರ್ಷ ಮ್ಯಾಟ್ರಿಮನಿ ಸೈಟಿನಲ್ಲಿ ಪ್ರೊಫೈಲ್ ತೆರೆದು, ಜಾತಿಯ ಕೆಳಗೆ ಒಳಪಂಗಡದ ಬಾಕ್ಸಿಗೂ ಟಿಕ್ ಮಾಡ್ತೀವಿ. "ನಂಗೇನಿಲ್ಲ, ಅಪ್ಪ-ಅಮ್ಮನ ಸಮಾಧಾನಕ್ಕೆ" ಅಂತೀವಿ. ವ್ಯಾಲೆಂಟೈನ್ ದಿನಕ್ಕೆ ಬಂದಿರೋ ದೊಡ್ಡ ಕುತ್ತು ಲಾಠಿ ಹಿಡಿದವರಿಂದಲ್ಲ, ಈ ಟಿಕ್ಕಿನಿಂದ ಅಂತ ನನ್ನ ಅಭಿಪ್ರಾಯ. ಲಾಠಿಯ ಎದುರು ಚಡ್ಡಿ ಕಳಿಸಬಹುದು. ನಮ್ಮದೇ ಬೆರಳಿಗೆ ಏನು ಕಳಿಸೋದು?

ಹಾಗಾಗಿ ಈ ದಿನ ಇರಲಿ, ತಕರಾರಿಲ್ಲ. ಶೇಂಗಾ ಒಗ್ಗಿದ ನೆಲಕ್ಕೆ ಗುಲಾಬಿ ಒಗ್ಗದೇ ಏನು! ಆದರೆ ಮಾಲಿನಲ್ಲಿ ಬಲೂನು ಕಟ್ಟಿದ ಮಾತ್ರಕ್ಕೆ ಇದು ನಮ್ಮ ಹಬ್ಬ ಆಗೋದಿಲ್ಲ. ಜಾತಿ ಮೀರಿ ಮದುವೆಯಾದ ಗಂಡಹೆಂಡತಿ ಮಕ್ಕಳನ್ನು ಕರಕೊಂಡು ರೋಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಹೆದರಿಕೆಯಿಲ್ಲದೆ ದೀಪಾವಳಿಗೆ ತವರಿಗೆ ಹೋಗಿ ಉಂಡು ಬರೋ ಹಾಗಾದಾಗ ಮಾತ್ರ ಇದನ್ನು ನಮ್ಮದು ಅನ್ನಬಹುದು.