ಹಳೆಯ ಹಾಡು, ಹೊಸ ವೇಷ

ನಮ್ಮ ಮಕ್ಕಳ ಕಾರ್ಯಕ್ರಮಗಳಲ್ಲಿ ಹಳೆಯ ಹಿಂದಿ ಹಾಡುಗಳು ಬರುವುದು ಹೆಚ್ಚಾಗಿ ರೀಮಿಕ್ಸ್ ವೇಷದಲ್ಲಿ. ಆ ವೇಷ ಕಟ್ಟಿದ ಮೊದಲಿಗರಲ್ಲಿ ಬ್ಯಾಲಿ ಸಾಗೂ ಒಬ್ಬರು. ದಿಲ್ಲಿಯಲ್ಲಿ ಹುಟ್ಟಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳೆದ ಅವರು 1994ರಲ್ಲಿ ಹೊರತಂದ 'ಬಾಲಿವುಡ್ ಫ್ಲ್ಯಾಶ್‌ಬ್ಯಾಕ್' ಅನ್ನು ಮತ್ತೆ ಕೇಳಿದೆವು.

ಅದರ 'ಚುರಾ ಲಿಯಾ'ದ ಮೂಲ 1973ರ 'ಯಾದೋಂ ಕೀ ಬಾರಾತ್'. ರಾಹುಲ್ ದೇವ್ ಬರ್ಮನ್ ಬಳಸಿದ ಗಾಜಿನ ಕಿಣಿಕಿಣಿ ಸದ್ದಿನಿಂದ ಹಾಡು ತೆರೆಯುತ್ತದೆ. ಗಿಟಾರಿನ ಜೊತೆ ಆಶಾ ಭೋಸ್ಲೆಯವರ ದನಿ ನಿಂತು ನಿಂತು ಸಾಗುತ್ತದೆ. ಸಾಗೂ ಬೇರೆ ಗಾಯಕಿಯಿಂದ ಹಾಡಿಸಿ, ಬೇಸ್‌ನ ದಪ್ಪ ನಾದವನ್ನೂ ನಡುವೆ ರ್‍ಯಾಪನ್ನೂ ಸೇರಿಸಿದ್ದಾರೆ. ಆ ನಾದ ಸೊಗಸಾಗಿದೆ, ಧಾಟಿಯೂ ಕೆಟ್ಟಿಲ್ಲ. ಪರದೇಶದಲ್ಲಿ ಬೆಳೆದ ಮಕ್ಕಳಿಗೆ ಮನೆಯ ಹಾಡೊಂದು ಕುಣಿಯಲು ಸಿಕ್ಕಿತು. ಊರು ಬಿಟ್ಟು ಬಂದ ನಮಗೆ ಇದರ ಬೆಲೆ ಗೊತ್ತು. ಆದರೆ ಎಡೆಬಿಡದ ತಾಳದಲ್ಲಿ ಸಾಲುಗಳ ನಡುವಿನ ಆ ಬಿಡುವು ಮಾಯವಾಗಿದೆ.

ಬರ್ಮನ್ ಇದೇ ಮುಂಬಯಿಯಲ್ಲಿ ತೀರಿಕೊಂಡದ್ದು 1994ರ ಜನವರಿ 4ರಂದು. ಕೊನೆಯ ವರ್ಷಗಳಲ್ಲಿ ಅವರಿಗೆ ಕೆಲಸ ಕೊಟ್ಟವರು ಕಡಿಮೆ. ಅದೇ ವರ್ಷ ಅವರ ಹಾಡು ಹೊಸ ವೇಷ ತೊಟ್ಟು ಕುಣಿಯಿತು!

ಈ ಹಾಡಿಗೆ ಕುಣಿದ ಮಕ್ಕಳನ್ನು, ಇದು ಯಾರದೆಂದು ಕೇಳಿದೆವು. ಡಿ.ಜೆ.ಯದು ಎಂದರು. ತಪ್ಪು ಮಕ್ಕಳದಲ್ಲ, ಹೇಳದ ನಮ್ಮದು. ಕುಣಿತ ಬೇಡವೆನ್ನೆವು. ತಾಲೀಮಿನ ಮೊದಲ ದಿನ ಮೂಲ ಹಾಡನ್ನು ಕೇಳಿಸೋಣ. ಬರೆದ ಮಜ್ರೂಹ್, ರಾಗ ಹಾಕಿದ ಬರ್ಮನ್, ಹಾಡಿದ ಆಶಾ, ರಫಿ ಇವರ ಹೆಸರುಗಳನ್ನು ವೇದಿಕೆಯಿಂದ ಹೇಳೋಣ. ಇಂದು ಇದನ್ನು ಮರೆತರೆ, ನಾಳೆ ನಮ್ಮ ಕನ್ನಡದ ಹಾಡುಗಳೂ ಡಿ.ಜೆ.ಯವೇ ಆದಾವು.