ಉಟಾಳ ಕಲ್ಲಿನ ಮುಖ

ಉಟಾಳನ್ನು ನಾವು ಬಲ್ಲದ್ದು ಛಾಯಾಚಿತ್ರಗಳಿಂದ. ಜರ್ಮನಿಯ ನೌಂಬುರ್ಗ್ ಕೆಥೆಡ್ರಲ್‌ನ ಪಶ್ಚಿಮ ಅಂಗಣದಲ್ಲಿರುವ ಹನ್ನೆರಡು ದಾನಿಗಳ ಶಿಲ್ಪಗಳಲ್ಲಿ, ಮೇಲಂಗಿಯ ಅಂಚನ್ನು ಕೆನ್ನೆಯವರೆಗೆ ಎತ್ತಿ ಹಿಡಿದು ನಿಂತವಳು ಅವಳು. ಬಾಲೆನ್‌ಸ್ಟೆಟ್ ಮನೆತನದ ಮಗಳು, ಮೈಸನ್ ಪ್ರಾಂತದ ಒಡೆಯ ಎರಡನೇ ಎಕ್ಕೆಹಾರ್ಡ್‌ನ ಮಡದಿ. ಮಕ್ಕಳಿರಲಿಲ್ಲ. 1046ರಲ್ಲಿ ಗಂಡ ತೀರಿಕೊಂಡಾಗ ಆ ವಂಶವೇ ಮುಗಿಯಿತು. ತವರಿನ ಕುಡಿ ಮಾತ್ರ ಸಹೋದರ ಎಸಿಕೊನಿಂದ ಅಸ್ಕಾನಿಯ ರಾಜಮನೆತನವಾಗಿ ಬೆಳೆಯಿತು.

ಶಿಲ್ಪಿ ಅವಳನ್ನು ಕಂಡವನಲ್ಲ. ಕೆತ್ತಿದ್ದು ಸುಮಾರು 200 ವರ್ಷಗಳ ನಂತರ, 13ನೇ ಶತಮಾನದ ನಡುವೆ. ಹಾಗಾಗಿ ಆ ಬಿಗಿದ ತುಟಿ, ಆ ದೂರದ ನೋಟ ಕಲೆಯ ಸಾಧನೆಯೇ ಹೊರತು ಚರಿತ್ರೆಯ ಸಾಕ್ಷಿಯಲ್ಲ.

ಇಷ್ಟು ಸರಳವಾದ ಸತ್ಯವನ್ನು ನಾಜಿಗಳು ಮರೆಸಿದರು. 1920ರ ದಶಕದಲ್ಲಿ ವಾಲ್ಟರ್ ಹೇಗೆಯ ಛಾಯಾಚಿತ್ರಗಳಿಂದ ಮನೆಮಾತಾಗಿದ್ದ ಮುಖವನ್ನು ಅಪ್ಪಟ ಜರ್ಮನ್ ಹೆಣ್ಣಿನ ಮಾದರಿಯಾಗಿಸಿದರು. ಯಹೂದಿ ದ್ವೇಷವನ್ನೇ ಉಸಿರಾಡುವ 1940ರ 'ಡೆರ್ ಎವಿಗೆ ಯೂಡೆ' ಚಿತ್ರದಲ್ಲೂ ಅವಳನ್ನು ಬಳಸಿಕೊಂಡರು.

ಆದರೆ ಅದೇ ಅಂಗಣದಲ್ಲಿ, ಉಟಾಳ ಎದುರಿಗೆ, ಅವಳ ಓರಗಿತ್ತಿ ರೆಗ್ಲಿಂಡಿಸ್ ನಗುತ್ತ ನಿಂತಿದ್ದಾಳೆ. ಅವಳು ಪೋಲೆಂಡಿನ ದೊರೆ ಬೊಲೆಸ್ಲಾವ್‌ನ ಮಗಳು. ರಕ್ತಶುದ್ಧಿಯ ಜಪ ಮಾಡುತ್ತ 1939ರಲ್ಲಿ ಪೋಲೆಂಡಿನ ಮೇಲೆ ದಂಡೆತ್ತಿ ಹೋದವರು ಈ ಬೀಗತನವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಶಿಲ್ಪಿ ಮಾತ್ರ ಇಬ್ಬರು ಸೊಸೆಯರನ್ನೂ ಒಂದೇ ಸೂರಿನಡಿ, ಒಂದೇ ಗೌರವದಿಂದ ನಿಲ್ಲಿಸಿದ್ದ.

ಒಬ್ಬಳ ಚೆಲುವನ್ನು ಹೊಗಳುವ ನೆಪದಲ್ಲಿ ಮತ್ತೊಂದು ಜನಾಂಗವನ್ನು ಹಳಿಯುವುದು ವಿಮರ್ಶೆಯಲ್ಲ. ಉಟಾಳನ್ನು ನೋಡುವಾಗ ನಾವು ರೆಗ್ಲಿಂಡಿಸಳ ನಗುವನ್ನೂ ನೋಡಬೇಕು.